ಬರ್ನಡೀನಳ ಒಂಬತ್ತು ಗುಂಡಿನ ರಿವಾಲ್ವರ್

ಬರ್ನಡೀನ್ ಹ್ರಿವ್ನಾಕ್ ಅಂದರೆ ಯಾರು ಎಂದು ನಮ್ಮೂರಲ್ಲಿ ಯಾರನ್ನಾದರೂ ಕೇಳಿ, ಪಿರೋಗಿ ಮಾಡುವವಳು ಎನ್ನುತ್ತಾರೆ. ಆಲೂಗಡ್ಡೆ, ಚೀಸು ತುಂಬಿದ ಆ ಕಡುಬನ್ನು ನಮ್ಮ ಬೇಟೆ ಕ್ಲಬ್ಬಿನ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷದಿಂದ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಸುರಿದು ಬಡಿಸುತ್ತಿದ್ದಾಳೆ. ತಿಂದವರೆಲ್ಲ ಬೆರಳು ಚೀಪಿಕೊಂಡು ಹೋಗುತ್ತಾರೆ. ಅವಳ ಬಂದೂಕಿನ ಗುರಿಯ ಬಗ್ಗೆ ಮಾತ್ರ ಒಬ್ಬನೂ ತುಟಿ ಬಿಚ್ಚುವುದಿಲ್ಲ. ನಾನಂತೂ ಇಷ್ಟು ದಿನ ಬಿಚ್ಚಲೇ ಇಲ್ಲ. ಹೊಟ್ಟೆಯೊಳಗೆ ಇಟ್ಟುಕೊಂಡು ಸಾಕಾಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಲೆನ್ನಿ ಕೋವಲ್. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ನದಿಯ ಬದಿಗಿರುವ ಈ ಊರಿನಲ್ಲಿ ನನ್ನದೊಂದು ಬಂದೂಕಿನ ಅಂಗಡಿ ಇದೆ. ಮಾರುತ್ತೇನೆ, ರಿಪೇರಿ ಮಾಡುತ್ತೇನೆ. ಕ್ಲಬ್ಬಿನ ಪರೀಕ್ಷಕನೂ ನಾನೇ. ಅಂದರೆ ಯಾರದಾದರೂ ಬಂದೂಕು ಕೈಕೊಟ್ಟರೆ ಬಿಚ್ಚಿ ನೋಡಿ, ತಪ್ಪು ಬಂದೂಕಿನದೋ ಗುಂಡಿನದೋ ಎಂದು ಹೇಳುವವನು. ನಾನು ಹೇಳಿದ್ದೇ ಕೊನೆ. ಈ ದೊಡ್ಡಸ್ತಿಕೆ ನನಗೆ ಇಪ್ಪತ್ತು ವರ್ಷದಿಂದ ಇದೆ.

ಬರ್ನಿ ಹುಟ್ಟಿದ್ದು ಬಾಟಲಿ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಹದಿನೆಂಟಕ್ಕೇ ಒಳಗೆ ಸೇರಿಕೊಂಡಳು. ದೀಪ ಉರಿಯುವ ಬಿಳಿ ಹಲಗೆಯ ಮುಂದೆ ಬಾಟಲಿಗಳು ಸಾಲಾಗಿ ಓಡುತ್ತವೆ, ಗುಳ್ಳೆ ಇದ್ದದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಕಂಡರೆ ಕೈ ಹಾಕಿ ತೆಗೆಯಬೇಕು. ಆಗೊಮ್ಮೆ ಈಗೊಮ್ಮೆ ಬಿಸಿ ಬಾಟಲಿ ಕಿವಿಯ ಪಕ್ಕದಲ್ಲೇ ಢಂ ಎಂದು ಒಡೆಯುತ್ತದೆ. ಬೆಚ್ಚಿಬಿದ್ದರೆ ಅಷ್ಟರಲ್ಲಿ ನಾಲ್ಕು ಬಾಟಲಿ ದಾಟಿಹೋಗಿ ಮೇಸ್ತ್ರಿಯ ಬೈಗುಳ ಬೀಳುತ್ತದೆ. ಬರ್ನಿ ಮೊದಲ ವರ್ಷದಲ್ಲೇ ಬೆಚ್ಚುವುದನ್ನು ಬಿಟ್ಟಳು. ಹಾಗೆ ಇಪ್ಪತ್ತೊಂಬತ್ತು ವರ್ಷ ನಿಂತಳು. ಆಮೇಲೆ ಕಾರ್ಖಾನೆ ಬಾಗಿಲು ಹಾಕಿತು, ಅವಳು ಶಾಲೆಯ ಅಡುಗೆಮನೆಗೆ ಹೋದಳು.

ಗಂಡ ಎಮಿಲ್ ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ. ನನ್ನ ಜೊತೆ ಜಿಂಕೆ ಬೇಟೆಗೆ ಬರುತ್ತಿದ್ದವನು, ಒಳ್ಳೆಯವನು, ಗುರಿ ಮಾತ್ರ ಅಷ್ಟಕ್ಕಷ್ಟೆ. ಭಾನುವಾರ ಗಂಡಹೆಂಡತಿ ಇಬ್ಬರೂ ಕಾಡಿನ ಗುಡಿಸಲಿಗೆ ಹೋಗಿ ಮರದ ದಿಮ್ಮಿಯ ಮೇಲೆ ಬಿಯರಿನ ಡಬ್ಬಿ ಸಾಲಾಗಿ ಇಟ್ಟು ಹೊಡೆಯುತ್ತಿದ್ದರು. ಎಮಿಲ್ ಆರಕ್ಕೆ ನಾಲ್ಕು ಬೀಳಿಸುತ್ತಿದ್ದ. ಬರ್ನಿ ಆರಕ್ಕೆ ಆರು. ಒಮ್ಮೆ ನಾನೂ ಅಲ್ಲಿದ್ದೆ.

"ಬಾಟಲಿ ನೋಡೀ ನೋಡೀ ಇವಳಿಗೆ ರೆಪ್ಪೆ ಬಡಿಯೋದೇ ಮರೆತುಹೋಗಿದೆ ಕಣೋ," ಎಂದ ಎಮಿಲ್. "ಕ್ಲಬ್ಬಲ್ಲಿ ಹೇಳ್ಬೇಡ ಮಾರಾಯ. ನಾನು ತಲೆ ಎತ್ತಿಕೊಂಡು ಓಡಾಡ್ಬೇಕಲ್ಲ."

ನಾನು ಹೇಳಲಿಲ್ಲ. ಅವತ್ತು ಸುಮ್ಮನಿದ್ದದ್ದು ಗೆಳೆತನಕ್ಕೆ ಎಂದು ನನ್ನ ಲೆಕ್ಕ.

ಎಮಿಲ್ ಒಂದು ಬೆಳಿಗ್ಗೆ ಲಾರಿಯ ಮೆಟ್ಟಿಲ ಮೇಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಗುಡಿಸಲಿನಲ್ಲಿ ಅವನ ಅಣ್ಣನಿಗೂ ಪಾಲಿತ್ತು, ಮಾರಿದರು. ಎಮಿಲ್‌ನ ರಿವಾಲ್ವರನ್ನು 'ಇದು ನಮ್ಮಪ್ಪನದು, ಮನೆತನದ್ದು' ಎಂದು ಅಣ್ಣ ತೆಗೆದುಕೊಂಡು ಹೋದ. ಕ್ಲಬ್ಬಿನಲ್ಲಿ ಅವಳಿಗಿದ್ದದ್ದು ಗಂಡನ ಹೆಸರಿನ ಕಾರ್ಡು, ಅದೂ ಆ ಡಿಸೆಂಬರಿಗೆ ಮುಗಿಯುವುದಿತ್ತು. ಅಡುಗೆಮನೆಗೆ ಬರಲು ಕಾರ್ಡು ಬೇಕಿಲ್ಲ ಎಂದು ನಮ್ಮ ಅಧ್ಯಕ್ಷ ಚೆಟ್ ಬ್ರೂಬೇಕರ್ ದೊಡ್ಡ ಮನಸ್ಸು ಮಾಡಿ ಹೇಳಿದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಬರ್ನಿ ನನ್ನ ಅಂಗಡಿಗೆ ಬಂದಳು.

"ಲೆನ್ನಿ, ನನಗೊಂದು ಇಪ್ಪತ್ತೆರಡರ ರಿವಾಲ್ವರ್ ಬೇಕು, ಸಣ್ಣ ಗುಂಡಿಂದು. ಮುನ್ನೂರು ಡಾಲರಿನೊಳಗೆ."

"ಒಬ್ಬಳೇ ಇರ್ತೀಯ, ಭಯ ಆಗತ್ತೆ, ಅಲ್ವಾ?" ಎಂದೆ.

"ಯಾರ ಭಯ? ನನ್ನನ್ನ ಹೊತ್ಕೊಂಡು ಹೋಗೋ ಗಂಡು ಯಾವನಿದಾನೋ ಈ ಊರಲ್ಲಿ! ಆಡೋಕೆ ಕಣೋ. ತಗಡು ಬೀಳ್ಸೋಕೆ. ಮಂಗಳವಾರದ ಸಾಲಲ್ಲಿ ನಿಂತ್ಕೋತೀನಿ."

ನಾನು ನಕ್ಕೆ. ಅವಳು ನಗಲಿಲ್ಲ.

ಮಂಗಳವಾರದ ಸಾಲು ಎಂದರೆ ವಾರವಾರದ ಗುರಿಯ ಪಂದ್ಯ, ನಮ್ಮ ಕ್ಲಬ್ಬಿನ ಪ್ರಾಣ. ಅಂಗೈಯಗಲದ ಉಕ್ಕಿನ ತಗಡುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ, ಗುಂಡು ತಾಗಿದರೆ ಟಣ್ಣೆಂದು ಹಿಂದಕ್ಕೆ ಮಲಗುತ್ತವೆ. ಅಲ್ಲಿ ಹೆಂಗಸರು ನಿಲ್ಲಬಾರದು ಎಂದು ಎಲ್ಲೂ ಬರೆದಿಲ್ಲ. ಆದರೆ ಯಾರೂ ನಿಂತಿಲ್ಲ. ನಿಲ್ಲಬೇಕಾದರೆ ಸ್ವಂತ ಹೆಸರಿನ ಪೂರ್ಣ ಸದಸ್ಯತ್ವ ಬೇಕು, ಇಬ್ಬರು ಸದಸ್ಯರ ಸಹಿ ಬೇಕು, ಆಮೇಲೆ ಎಲ್ಲರೆದುರಿಗೆ ಇಪ್ಪತ್ತೇಳು ಗುಂಡು ಹೊಡೆದು ಇಪ್ಪತ್ತೊಂದು ತಗಡು ಮಲಗಿಸಬೇಕು. ಗುಂಡಿನ ಹಿಂಭಾಗಕ್ಕೆ ಬಡಿಯುವ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೊದಲೇ ಎತ್ತಿಟ್ಟುಕೊಳ್ಳುವ ಸುಲಭದ ದಾರಿ ಇಲ್ಲ. ಟ್ರಿಗರ್ ಒಂದನ್ನೇ ಉದ್ದಕ್ಕೆ ಎಳೆದು, ಅದರಿಂದಲೇ ಸುತ್ತಿಗೆ ಏಳಬೇಕು, ಬೀಳಬೇಕು. ಗುಂಡು ಹಾರದೆ ಟಿಕ್ ಎಂದರೆ ಅದೂ ತಪ್ಪಿನ ಲೆಕ್ಕಕ್ಕೇ. ಸೋತರೆ ಎರಡು ವರ್ಷ ಅರ್ಜಿ ಹಾಕುವಂತಿಲ್ಲ.

"ಎರಡು ವರ್ಷ ಆದ್ಮೇಲೆ ಈ ಬೆರಳು ಚಮಚ ಹಿಡಿದ್ರೆ ನಿನ್ನ ಪುಣ್ಯ ಅಂದಿದಾರೆ ಡಾಕ್ಟ್ರು," ಎಂದು ಬರ್ನಿ ಗೆಣ್ಣು ಊದಿದ ಬಲಗೈ ತೋರಿಸಿದಳು. "ಆಗೋದಾದ್ರೆ ಈ ವರ್ಷ. ಇಲ್ಲಾಂದ್ರೆ ಇಲ್ಲ."

ಗಾಜಿನ ಕಪಾಟಿನಿಂದ ಮೂರು ತೆಗೆದು ಬಟ್ಟೆಯ ಮೇಲಿಟ್ಟೆ. ಒಂದು ಹಗುರ ಲೋಹದ್ದು, ಹೊಸದು, ಇನ್ನೂರೈವತ್ತು. ಇನ್ನೊಂದು ಬ್ರೆಜಿಲ್‌ನಲ್ಲಿ ಮಾಡಿದ್ದು, ಪೂರ್ತಿ ಉಕ್ಕು, ಒಂಬತ್ತು ಗುಂಡಿನದು, ಯಾರೋ ಬಳಸಿ ಮಾರಿದ್ದು, ಇನ್ನೂರತೊಂಬತ್ತು. ಮೂರನೆಯದು ಹೆಸರುವಾಸಿಯಾದದ್ದು, ಬೆಣ್ಣೆಯಂಥ ಟ್ರಿಗರ್, ಎಂಟುನೂರರ ಮೇಲೆ.

"ಇದನ್ನ ಒಳಗಿಡು," ಎಂದು ಮೂರನೆಯದನ್ನು ಮುಟ್ಟದೇ ಹೇಳಿದಳು. "ಆಸೆ ಹುಟ್ಟಿಸ್ಬೇಡ."

ಆಮೇಲೆ ಅವಳು ಮಾಡಿದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಇಪ್ಪತ್ತೆರಡರ ರಿವಾಲ್ವರನ್ನು ಖಾಲಿ ಇಟ್ಟುಕೊಂಡು ಟ್ರಿಗರ್ ಎಳೆಯಬಾರದು, ಸುತ್ತಿಗೆಯ ಮೊನೆ ನೇರ ಉಕ್ಕಿಗೆ ಬಡಿದು ಹಾಳಾಗುತ್ತದೆ. ಎಷ್ಟು ಜನ ಗಂಡಸರು ನನ್ನ ಕಪಾಟಿನ ಮುಂದೆ ನಿಂತು ಟಕಟಕ ಎಂದು ಎಳೆದು ನನ್ನ ರಕ್ತ ಕುದಿಸಿದ್ದಾರೋ! ಬರ್ನಿ ಕೈಚೀಲದಿಂದ ಔಷಧಿ ಡಬ್ಬಿ ತೆಗೆದಳು, ಅದರೊಳಗೆ ಹೊಡೆದು ಖಾಲಿಯಾದ ಗುಂಡಿನ ಚಿಪ್ಪುಗಳಿದ್ದವು. ಒಂದೊಂದು ಗೂಡಿಗೂ ಒಂದೊಂದು ತುಂಬಿಸಿ, ಆಮೇಲೆ ಎಳೆದು ನೋಡಿದಳು. ಹಗುರದ್ದನ್ನು ನಾಲ್ಕು ಸಲ ಎಳೆದು ಕೆಳಗಿಟ್ಟಳು.

"ಇದು ಕೈಯಲ್ಲಿ ನಿಲ್ಲಲ್ಲ. ಎಳೆಯೋ ಜೋರಿಗೆ ಇಡೀ ಬಂದೂಕೇ ತಿರುಗತ್ತೆ."

"ಆ ಉಕ್ಕಿಂದು ಇನ್ನೂ ಬಿಗಿ ಕಣೆ. ಈ ಸಣ್ಣ ಗುಂಡಿಗೆ ಮದ್ದು ಇರೋದು ಹಿಂದಿನ ಅಂಚಿನೊಳಗೆ. ಆ ಅಂಚನ್ನ ಜಜ್ಜಿದ್ರೇ ಸಿಡಿಯೋದು. ಅದಕ್ಕೇ ಸ್ಪ್ರಿಂಗ್ ಗಟ್ಟಿ ಇಟ್ಟಿರ್ತಾರೆ. ನಿನ್ನ ಬೆರಳಿಗೆ ಆಗಲ್ಲ."

"ಬಿಗಿ ಇರ್ಲಿ. ತೂಕ ಇದೆಯಲ್ಲ, ಅಲ್ಲಾಡಲ್ಲ."

ಅವತ್ತು ತೀರ್ಮಾನ ಮಾಡಲಿಲ್ಲ. ನಾಲ್ಕು ವಾರ ನಾಲ್ಕು ಸಲ ಬಂದಳು, ಪ್ರತಿ ಸಲವೂ ಅದೇ ಡಬ್ಬಿ, ಅದೇ ಚಿಪ್ಪು. ಗೂಡು ನಳಿಗೆಗೆ ಸರಿಯಾಗಿ ಕೂರುತ್ತದೋ ಎಂದು ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದಳು, ಬಾಟಲಿ ನೋಡುವ ಕಣ್ಣು. ನಾಲ್ಕನೆಯ ಸಲ ಕಾಲು ಡಾಲರಿನ ನಾಣ್ಯ ಕೇಳಿ ತೆಗೆದುಕೊಂಡು ನಳಿಗೆಯ ತುದಿಯ ಮೇಲಿಟ್ಟು, ಕೈ ಚಾಚಿ, ಟ್ರಿಗರನ್ನು ಉದ್ದಕ್ಕೆ ಎಳೆದಳು. ಸುತ್ತಿಗೆ ಎದ್ದು ಬಿತ್ತು. ನಾಣ್ಯ ಅಲ್ಲೇ ಇತ್ತು. ಒಂಬತ್ತು ಸಲ ಎಳೆದಳು, ಒಂಬತ್ತು ಸಲವೂ ಅಲ್ಲೇ ಇತ್ತು. ನನ್ನ ಕೈಯಲ್ಲಿ ಐದನೆಯದಕ್ಕೆ ಬೀಳುತ್ತದೆ, ಚೆಟ್‌ನ ಕೈಯಲ್ಲಿ ಎರಡನೆಯದಕ್ಕೆ. ಎಳೆದಾದ ಮೇಲೆ ಬರ್ನಿ ಕೈಯನ್ನು ಒಮ್ಮೆ ಕೊಡವಿಕೊಂಡಳು, ಅಷ್ಟೆ.

ನನ್ನ ಹಾಳು ಕಣ್ಣಿಗೆ ಕಂಡದ್ದು ಆ ಕೊಡವಿಕೊಂಡದ್ದು ಮಾತ್ರ.

"ಇದನ್ನೇ ಕೊಡು," ಎಂದಳು. ಫಾರಂ ತುಂಬಿದಳು, ನಾನು ರಾಜ್ಯ ಪೊಲೀಸರಿಗೆ ಫೋನು ಹಚ್ಚಿ ಒಪ್ಪಿಗೆ ಪಡೆದೆ. ಅರ್ಜಿಗೆ ಮೊದಲ ಸಹಿ ನನ್ನದೇ. ಎರಡನೆಯದನ್ನು ಎಮಿಲ್‌ನ ಲಾರಿಯ ಜೊತೆಗಾರನಿಂದ ನಾನೇ ಹಾಕಿಸಿದೆ. ಭಾನುವಾರಗಳಂದು ನನ್ನ ಅತಿಥಿಯಾಗಿ ಬಂದು ಅಭ್ಯಾಸ ಮಾಡಿದಳು. ದೊಡ್ಡ ಪೊಟ್ಟಣದಲ್ಲಿ ಬರುವ ಅಗ್ಗದ ಗುಂಡು, ಒಂದಾದರೂ ಟಿಕ್ ಎನ್ನಬೇಕಲ್ಲ, ಎನ್ನಲಿಲ್ಲ. ತಗಡುಗಳು ಮಲಗುತ್ತಿದ್ದವು. ಪಕ್ಕದಲ್ಲಿ ನಿಂತವರು ಬಾಯಿ ಬಿಟ್ಟುಕೊಂಡು ನೋಡಿ, ಆಮೇಲೆ ನೋಡದವರ ಹಾಗೆ ಹೋಗುತ್ತಿದ್ದರು.

ಪರೀಕ್ಷೆ ನವೆಂಬರಿನ ಮೊದಲ ಮಂಗಳವಾರ. ಅದಕ್ಕೆ ಮುಂಚಿನ ಗುರುವಾರ ಬರ್ನಿ ರಿವಾಲ್ವರನ್ನು ಅಂಗಡಿಗೆ ತಂದಳು.

"ಒಳಗೆಲ್ಲ ಮಸಿ ಕಟ್ಟಿದೆ, ಒಂದ್ಸಲ ಚೊಕ್ಕ ಮಾಡಿಕೊಡು. ಬೇರೇನೂ ಮಾಡ್ಬೇಡ."

ಬೇರೇನೂ ಮಾಡಬೇಡ ಎಂದಿದ್ದಳು. ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ.

ನಮ್ಮ ಕಸುಬಿನವರಿಗೆ ಒಂದು ರೋಗವಿದೆ. ಬಿಚ್ಚಿದ ಬಂದೂಕನ್ನು ಇದ್ದ ಹಾಗೇ ಮುಚ್ಚಲು ಕೈ ಬರುವುದಿಲ್ಲ, ಏನಾದರೊಂದು ಉಪಕಾರ ಮಾಡಲೇಬೇಕು. ಪಾಪ, ಹೆಂಗಸು, ಗೆಣ್ಣು ಊದಿದೆ, ಎಮಿಲ್‌ನ ಹೆಂಡತಿ ಎಂದುಕೊಂಡೆ. ಡ್ರಾಯರಿನಲ್ಲಿ ಮೆದುವಾದ ಒಂದು ಸ್ಪ್ರಿಂಗ್ ಇತ್ತು. ಹಳೆಯದನ್ನು ತೆಗೆದು ಅದನ್ನು ಹಾಕಿದೆ. ಟ್ರಿಗರ್ ಅರ್ಧಕ್ಕರ್ಧ ಹಗುರವಾಯಿತು. ಹಿಂದಿನ ಅಂಗಳಕ್ಕೆ ಹೋಗಿ ಐವತ್ತು ಗುಂಡು ಹೊಡೆದು ನೋಡಿದೆ, ಐವತ್ತೂ ಹಾರಿದವು. ಆದರೆ ಹೊಡೆದದ್ದು ನನ್ನ ಗುಂಡು, ದುಬಾರಿಯದು, ಅಂಚು ಮೆತ್ತಗಿರುವಂಥದ್ದು. ಅವಳು ಹೊಡೆಯುವ ಅಗ್ಗದ ಗುಂಡಿನ ಅಂಚು ಗಟ್ಟಿ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ನೆನಪಾಗಲಿಲ್ಲ. ಅವಳಿಗೆ ಹೇಳಲೂ ಇಲ್ಲ, ಪರೀಕ್ಷೆಯ ದಿನ ತಾನಾಗಿ ಗೊತ್ತಾಗಿ ಖುಷಿಪಡಲಿ ಎಂದು. ಅಧಿಕಪ್ರಸಂಗಿ ನಾನು.

ಮಂಗಳವಾರ ಸಂಜೆ ಐದೂವರೆಗೆ ಬಾಯಿಂದ ಹೊಗೆ ಬರುವಂಥ ಚಳಿ. ಹೊಡೆಯುವ ಜಾಗದ ಹಿಂದೆ ಇಪ್ಪತ್ತೈದು ಜನ ಗಂಡಸರು ಕಾಫಿ ಹಿಡಿದು ನಿಂತಿದ್ದರು. ಅಡುಗೆಮನೆಯಿಂದ ಇಬ್ಬರು ಹೆಂಗಸರು ಏಪ್ರನ್ನಿನಲ್ಲೇ ಬಂದಿದ್ದರು. ಚೆಟ್ ಕೈಯಲ್ಲಿ ಲೆಕ್ಕ ಬರೆಯುವ ರಟ್ಟು ಹಿಡಿದುಕೊಂಡು ಗಂಟಲು ಸರಿಮಾಡಿಕೊಂಡ.

"ಬರ್ನಿ, ಇವತ್ತು ಒಲೆ ಮೇಲೆ ಏನೂ ಇಟ್ಟು ಬಂದಿಲ್ಲ ತಾನೆ? ಸೀದುಹೋದೀತು," ಎಂದ. ನಕ್ಕರು.

"ಸೀಯೋದು ನಿನ್ನ ಹೊಟ್ಟೆ, ಚೆಟ್. ದೂರ ನಿಂತ್ಕೋ," ಎಂದಳು ಬರ್ನಿ. ಇನ್ನೂ ಜೋರಾಗಿ ನಕ್ಕರು.

ಮೊದಲ ಎಳೆತಕ್ಕೇ ಅವಳ ಹುಬ್ಬು ಸ್ವಲ್ಪ ಕೂಡಿತು, ಟ್ರಿಗರ್ ಬೇರೆಯಾಗಿದೆ ಎಂದು ಬೆರಳಿಗೆ ತಿಳಿದಿರಬೇಕು. ತಗಡು ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಟಿಕ್.

ನಾನು ಹಾಕಿದ ಸ್ಪ್ರಿಂಗ್ ನೆನಪಾಯಿತು.

ಇದನ್ನು ಕೇಳಿ. ಗುಂಡು ಹಾರುತ್ತದೆ ಎಂದುಕೊಂಡು ಎಳೆದಾಗ ಅದು ಟಿಕ್ ಎಂದರೆ ಹೊಡೆಯುವವನ ಗುಟ್ಟು ರಟ್ಟಾಗುತ್ತದೆ. ಸದ್ದಿಗೆ ಹೆದರಿ ಮೊದಲೇ ಕೈ ಕುಸಿಯುವವನ ನಳಿಗೆ ಬಳಕ್ಕನೆ ಕೆಳಗೆ ಬಾಗುತ್ತದೆ. ನಮ್ಮ ಕ್ಲಬ್ಬಿನಲ್ಲಿ ಎಲ್ಲರದೂ ಬಾಗುತ್ತದೆ, ನನ್ನದೂ. ಬರ್ನಿಯ ನಳಿಗೆ ಕಲ್ಲಿನಲ್ಲಿ ನೆಟ್ಟ ಹಾಗೆ ನಿಂತಿತ್ತು. ಒಂದು ಕೂದಲೆಳೆಯೂ ಅಲುಗಲಿಲ್ಲ. ಇಪ್ಪತ್ತೈದು ಜನವೂ ನೋಡಿದರು. ನಗು ನಿಂತುಹೋಯಿತು.

ಇಪ್ಪತ್ತೇಳು ಎಳೆತ ಮುಗಿದವು. ಎಂಟು ಸಲ ಟಿಕ್ ಎಂದಿತು. ಹಾರಿದ ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ತಗಡು ಮಲಗಿದ್ದವು. ಬೇಕಾದದ್ದು ಇಪ್ಪತ್ತೊಂದು.

ಚೆಟ್ ರಟ್ಟಿನ ಮೇಲೆ ಬರೆದುಕೊಂಡ. ಅವನಿಗೂ ಒಂದು ಥರ ಆಗಿತ್ತು ಎಂದು ನನಗೆ ಕಂಡಿತು. "ಲೆನ್ನಿ," ಎಂದ, "ನೋಡಿ ಹೇಳು. ಬಂದೂಕು ಕೆಟ್ಟಿದ್ರೆ ಕ್ಲಬ್ಬಿನ ಬಂದೂಕು ಕೊಟ್ಟು ಈಗ್ಲೇ ಇನ್ನೊಂದ್ಸಲ ಹೊಡೆಸ್ಬಹುದು, ನಿಯಮ ಇದೆ. ಗುಂಡು ಕೆಟ್ಟಿದ್ರೆ ಅದು ಅವಳ ಹಣೆಬರಹ."

ಹಾರದ ಎಂಟು ಗುಂಡನ್ನು ಬರ್ನಿ ನನ್ನ ಅಂಗೈಗೆ ಹಾಕಿದಳು. ಒಂದೊಂದರ ಅಂಚಿನ ಮೇಲೂ ಉಗುರಿನಿಂದ ಗೀರಿದಷ್ಟೇ ಗುರುತು. ಸುತ್ತಿಗೆಯ ಪೆಟ್ಟು ಸಾಲಲಿಲ್ಲ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಬಂದೂಕಿನ ತಪ್ಪು. ಎಂದರೆ ಸ್ಪ್ರಿಂಗಿನ ತಪ್ಪು. ಎಂದರೆ ನನ್ನದು. ಸುತ್ತ ನಿಂತವರಲ್ಲಿ ಅರ್ಧಕ್ಕರ್ಧ ಜನರ ಬಂದೂಕಿನ ಟ್ರಿಗರ್ ಹಗುರ ಮಾಡಿಕೊಟ್ಟವನು ನಾನು, 'ಲೆನ್ನಿಯ ಕೈ' ಎಂದು ಊರೆಲ್ಲ ಹೆಸರು. ಬರ್ನಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಅನುಮಾನ ಇದ್ದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಇರಲಿಲ್ಲ. ಪೂರ್ತಿ ನಂಬಿಕೆ ಇತ್ತು.

ಮುಷ್ಟಿ ಮುಚ್ಚಿಕೊಂಡೆ.

"ಗುಂಡು," ಎಂದೆ. "ಅಗ್ಗದ ಮಾಲು. ಬಂದೂಕು ಸರಿಯಾಗಿದೆ."

ಚೆಟ್ ರಟ್ಟನ್ನು ಕಂಕುಳಿಗೆ ಸೇರಿಸಿದ. ಬರ್ನಿ ಕಿವಿಯ ಮುಚ್ಚಳ ತೆಗೆದು, ರಿವಾಲ್ವರನ್ನು ಪೆಟ್ಟಿಗೆಗೆ ಹಾಕಿ, ಏಪ್ರನ್ನಿನ ಹೆಂಗಸರ ಜೊತೆ ಅಡುಗೆಮನೆಗೆ ನಡೆದಳು. ಆ ಸಂಜೆ ಊಟಕ್ಕೆ ಎಲೆಕೋಸು ಹಾಕಿದ ಶಾವಿಗೆ ಮಾಡಿದ್ದರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ನಿಂತಿದ್ದಳು. ಕೈಯಲ್ಲಿ ಪೆಟ್ಟಿಗೆ, ಉಳಿದ ಗುಂಡಿನ ಪೊಟ್ಟಣ. ಕೇಳುತ್ತಾಳೆ, ಕೇಳಿದರೆ ಒಪ್ಪಿಕೊಳ್ಳುತ್ತೇನೆ ಎಂದು ರಾತ್ರಿಯೇ ಗಟ್ಟಿ ಮಾಡಿಕೊಂಡಿದ್ದೆ.

"ಲೆನ್ನಿ, ನನ್ನನ್ನ ಕ್ಷಮಿಸ್ಬಿಡು," ಎಂದಳು.

ನಾನು ಬೀಗ ತೆಗೆದು ಒಳಗೆ ಕರೆದೆ.

"ನನ್ನ ಪರವಾಗಿ ಸಹಿ ಹಾಕಿದ್ದೆ ನೀನು. ಅಷ್ಟು ಜನದ ಮುಂದೆ ನಿನ್ನ ಮರ್ಯಾದೆ ಕಳೆದೆ. ಪೊಟ್ಟಣಕ್ಕೆ ನಾಲ್ಕು ಡಾಲರ್ ಉಳಿಸೋಕೆ ಹೋಗಿ ಎಂಥ ಕೆಲ್ಸ ಮಾಡ್ಕೊಂಡೆ ನೋಡು. ನಿನ್ನ ಕೈಲಿ ಚೊಕ್ಕ ಆಗಿ ಟ್ರಿಗರ್ ಬೆಣ್ಣೆ ಥರ ಆಗಿತ್ತು ಮಾರಾಯ. ಅಂಥ ಬಂದೂಕಿಗೆ ಅಂಥ ಗುಂಡು ಹಾಕಿದ್ದು ನನ್ನ ತಪ್ಪು."

ಹೇಳಬೇಕಾದದ್ದು ಆಗ. ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ಇದು: "ಇರಲಿ ಬಿಡು ಬರ್ನಿ. ಆಗತ್ತೆ ಒಮ್ಮೊಮ್ಮೆ."

ಕ್ಷಮಿಸಿಬಿಟ್ಟೆ, ನೋಡಿ! ನಾನು, ಅವಳನ್ನು!

ರಿವಾಲ್ವರನ್ನು ವಾಪಸ್ ತೆಗೆದುಕೋ ಎಂದಳು. ಇನ್ನು ಅದನ್ನು ಇಟ್ಟುಕೊಂಡು ಹೊಡೆಯಲು ಜಾಗವಿಲ್ಲ, ಅತಿಥಿಯಾಗಿ ಬಂದು ಸೋತವಳು ಎನ್ನಿಸಿಕೊಳ್ಳುವುದೂ ಬೇಡ ಎಂದಳು. ಕೊಂಡ ಬೆಲೆಯನ್ನೇ ಕೊಡಲು ಹೋದೆ. ಬಳಸಿದ ಸಾಮಾನಿಗೆ ಅಷ್ಟು ಕೊಡಬಾರದು ಎಂದು ಜಗಳ ಮಾಡಿ ನಲವತ್ತು ಡಾಲರ್ ಬಿಟ್ಟುಹೋದಳು.

ಅವಳು ಹೋದ ಮೇಲೆ ಅಂಗಡಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ. ಹಳೆಯ ಗಟ್ಟಿ ಸ್ಪ್ರಿಂಗನ್ನು ಮತ್ತೆ ಹಾಕಿದೆ. ಹಿಂದಿನ ಅಂಗಳಕ್ಕೆ ಹೋಗಿ ಅವಳ ಪೊಟ್ಟಣದಲ್ಲಿ ಉಳಿದಿದ್ದ ಅಗ್ಗದ ಗುಂಡುಗಳನ್ನೇ ಹೊಡೆಯುತ್ತಾ ನಿಂತೆ. ನೂರಕ್ಕೂ ಮೇಲಿದ್ದವು. ಒಂದಾದರೂ ಟಿಕ್ ಎನ್ನಲಿ ದೇವರೇ ಎಂದು ಬೇಡಿಕೊಂಡೆ. ಒಂದೂ ಎನ್ನಲಿಲ್ಲ. ಎಲ್ಲ ಹಾರಿದವು.

ಅಷ್ಟಾದರೂ ಹೇಳಲಿಲ್ಲ. ಈ ವಾರ, ಮುಂದಿನ ವಾರ, ಜಿಂಕೆ ಬೇಟೆಯ ಕಾಲ ಮುಗಿಯಲಿ, ಕ್ರಿಸ್ಮಸ್ ಕಳೆಯಲಿ. ಚೆಟ್‌ನ ಕಿವಿಗೆ ಹಾಕಿದ್ದರೆ ಸಭೆ ಕರೆದು ಮತ್ತೊಮ್ಮೆ ಹೊಡೆಸುತ್ತಿದ್ದ, ಅಷ್ಟು ಕೆಟ್ಟವನಲ್ಲ ಅವನು. ಆಮೇಲೆ ಹೇಳಿದರೆ 'ಇಷ್ಟು ದಿನ ಯಾಕೆ ಹೇಳಲಿಲ್ಲ' ಎಂಬ ಪ್ರಶ್ನೆ ಬರುತ್ತದೆ. ದಿನ ಹೋದಷ್ಟೂ ಆ ಪ್ರಶ್ನೆ ದಪ್ಪವಾಯಿತು, ನನ್ನ ನಾಲಿಗೆ ಸಣ್ಣದಾಯಿತು. ಥೂ, ಇದೂ ಒಂದು ಬಾಳೇ?

ಎರಡು ವರ್ಷ ಕಳೆಯಿತು. ಈ ನವೆಂಬರಿನಲ್ಲಿ ಅರ್ಜಿಯ ಫಾರಂ ತಂದು, ಅದರಲ್ಲಿ ನನ್ನ ಸಹಿ ಮೊದಲೇ ಹಾಕಿ, ಮಂಗಳವಾರ ಊಟದ ಹೊತ್ತಿಗೆ ಅಡುಗೆಮನೆಯ ಕಿಟಕಿಯ ಮುಂದೆ ನಿಂತೆ. ಒಳಗೆ ಬರ್ನಿ ಎಡಗೈಯಲ್ಲಿ ಸೌಟು ಹಿಡಿದಿದ್ದಳು. ಹಿಟ್ಟಿನ ಅಂಚು ಒತ್ತುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದಳು.

"ಎರಡು ವರ್ಷ ಆಯ್ತು ಬರ್ನಿ. ಅರ್ಜಿ ಹಾಕ್ತೀಯಾ? ಬಂದೂಕು ನಾನು ಕೊಡ್ತೀನಿ, ಒಳ್ಳೇದು. ಗುಂಡೂ ನಂದೇ. ಅವತ್ತು ನಾನು... ಅವತ್ತಿನ ವಿಷಯ ನಿನಗೆ ಹೇಳ್ಬೇಕು."

ಅವಳು ಬಲಗೈಯನ್ನು ಎತ್ತಿ ನನ್ನ ಮುಂದೆ ಹಿಡಿದಳು. ಮುಷ್ಟಿ ಕಟ್ಟಲು ನೋಡಿದಳು. ಬೆರಳುಗಳು ಅರ್ಧಕ್ಕೆ ನಿಂತವು.

"ಅವತ್ತಿನ ವಿಷಯ ಇನ್ನೂ ತಲೇಲಿ ಇಟ್ಕೊಂಡಿದೀಯಾ? ಬಿಡೋ ಅದನ್ನ. ಇನ್ನೊಂದ್ಸಲ ನಿನ್ನ ಮಾನ ಕಳೀಲಾ ನಾನು?" ಎಂದು ನಕ್ಕಳು. ಪಕ್ಕದಲ್ಲಿ ಹಿಟ್ಟು ಒತ್ತುತ್ತಿದ್ದ ಹೆಂಗಸಿಗೆ ಹೇಳಿದಳು, "ಗೊತ್ತಾ, ಇಡೀ ಕ್ಲಬ್ಬಲ್ಲಿ ನನ್ನ ಪರ ನಿಂತವನು ಇವನೊಬ್ಬನೇ."

ನನ್ನ ಹಿಂದಿನ ಸಾಲಿನಿಂದ ಯಾರೋ "ಮುಂದೆ ಹೋಗಯ್ಯಾ ಲೆನ್ನಿ, ಹೊಟ್ಟೆ ಹಸೀತಿದೆ," ಎಂದು ಕೂಗಿದರು. ಬರ್ನಿ ನನ್ನ ತಟ್ಟೆಗೆ ಎರಡು ಪಿರೋಗಿ ಹೆಚ್ಚಿಗೆ ಹಾಕಿ, ಮೇಲೆ ಈರುಳ್ಳಿ ಸುರಿದಳು. ಫಾರಮ್ಮನ್ನು ಮಡಚಿ ಜೇಬಿಗೆ ತುರುಕಿಕೊಂಡೆ. ತಟ್ಟೆ ಹಿಡಿದುಕೊಂಡು ಹೋಗಿ ಚೆಟ್‌ನ ಪಕ್ಕದಲ್ಲಿ ಕೂತು, ಎಲ್ಲವನ್ನೂ ತಿಂದೆ.